ನಿಮ್ಮ ಕಾಲೇಜು ದಾಖಲೆ ಯಾರ ಯಾರ ಕಣ್ಣಿಗೆ ಬೀಳುತ್ತದೆ? ಮುಂಬೈ, ಪುಣೆ, ಗೋವಾ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಮಹಾರಾಷ್ಟ್ರ ಬೋರ್ಡಿನ ಹನ್ನೆರಡನೇ ತರಗತಿಯ ರಿಸಲ್ಟ್ ನೋಡಲು ಎರಡು ವಿಷಯ ಗೊತ್ತಿದ್ದರೆ ಸಾಕು: ಸೀಟ್ ನಂಬರ್, ಅಮ್ಮನ ಹೆಸರು. ಪರೀಕ್ಷೆ ಶುರುವಾಗುವ ದಿನ ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ಫೋಟೊ ತೆಗೆದು, ‘ಆಶೀರ್ವಾದ ಇರಲಿ’ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಮಕ್ಕಳು ಬಹಳ ಇದ್ದಾರೆ, ಹಾಕುವ ಅಪ್ಪ-ಅಮ್ಮಂದಿರೂ ಇದ್ದಾರೆ. ಆ ಒಂದು ಫೋಟೊದಲ್ಲಿ ಎರಡೂ ಸಿಗುತ್ತವೆ. ರಿಸಲ್ಟ್ ಬಂದ ದಿನ ನಿಮಗಿಂತ ಮೊದಲು ಎದುರು ಬಿಲ್ಡಿಂಗಿನವರು ನಿಮ್ಮ ಮಾರ್ಕ್ಸ್ ನೋಡಿರಬಹುದು.

ಮಾರ್ಕ್ಸ್ ಒಂದೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ರಿಸಲ್ಟ್ ಬೆನ್ನಿಗೇ ಅಡ್ಮಿಷನ್ ಶುರುವಾಗುತ್ತದೆ. ಆಧಾರ್, ಜಾತಿ ಪ್ರಮಾಣಪತ್ರ, ಅಪ್ಪನ ಆದಾಯ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮನೆ ವಿಳಾಸ, ಇಬ್ಬರ ಮೊಬೈಲ್ ನಂಬರ್, ಕಾಯಿಲೆ ಇದ್ದರೆ ಅದರ ಕಾಗದ, ಎಲ್ಲವೂ ಒಂದೇ ಫೈಲಿನಲ್ಲಿ ಕಟ್ಟಿ ಕೌಂಟರಿನ ಒಳಗೆ ಹೋಗುತ್ತದೆ. ಡೊಂಬಿವಲಿಯಲ್ಲಿ ನಮ್ಮ ಸಂಘದವರು ಜೂನ್ ಬಂತೆಂದರೆ ಮಕ್ಕಳಿಗೆ ಫಾರ್ಮ್ ತುಂಬಿಸಲು ಕೂರುತ್ತೇವೆ. ಅಲ್ಲಿ ಕೆಲವು ತಾಯಂದಿರು ಕೇಳುವ ಪ್ರಶ್ನೆ ಒಂದಿದೆ: “ಇಷ್ಟೆಲ್ಲ ಕೊಡ್ತೀವಲ್ಲ, ಒಳಗೆ ಇದನ್ನ ಯಾರು ನೋಡ್ತಾರೆ?” ಸರಿಯಾದ ಪ್ರಶ್ನೆ. ಅದಕ್ಕೆ ನನಗೆ ಗೊತ್ತಿರುವಷ್ಟನ್ನು ಕೆಲಸಕ್ಕೆ ಬರುವ ಹಾಗೆ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸೋಣ

ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆಗೆಂದೇ 1974ರ ಫರ್ಪಾ ಎಂಬ ಕಾನೂನಿದೆ. ನಮ್ಮಲ್ಲಿ ಹಾಗೆ ದಾಖಲೆಗೆಂದೇ ಬೇರೆ ಕಾನೂನಿಲ್ಲ. ಹಾಗಂತ ಏನೂ ಇಲ್ಲ ಅಂತಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಭಾಗಗಳು ಜಾರಿಯಾಗಲು 18 ತಿಂಗಳ ಗಡುವು ಇದೆ, ಅಂದರೆ 2027ರ ಮೇ. ನನ್ನ ಮಾಹಿತಿ ನಿಮ್ಮ ಹತ್ತಿರ ಏನೇನಿದೆ ಎಂದು ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ ಹಕ್ಕು, ಬೇಡವಾದದ್ದನ್ನು ಅಳಿಸಿ ಎನ್ನುವ ಹಕ್ಕು, ಇವೆಲ್ಲ ಆ ಕಾಯ್ದೆಯಲ್ಲಿವೆ. ಇದರ ಜೊತೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು, ಮಾಹಿತಿ ಹಕ್ಕು ಕಾಯ್ದೆ.

ಇದು ಕಾಗದದ ಮೇಲಿನ ಮಾತು. ನಾನು ನೋಡಿದ ಹಾಗೆ ಮಾಹಿತಿ ಸೋರುವುದು ಹ್ಯಾಕರ್‌ಗಳಿಂದಲ್ಲ. ಕೌಂಟರಿನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ, ‘ನಮ್ಮವರೇ ಆಫೀಸಿನಲ್ಲಿದ್ದಾರೆ’ ಎನ್ನುವ ಒಂದು ಫೋನಿನಲ್ಲಿ ಸೋರುತ್ತದೆ. ಅಲ್ಲಿ ತಡೆಯುವುದು ಮುಕ್ಕಾಲು ಪಾಲು ನಿಮ್ಮ ಕೈಯಲ್ಲೇ ಇದೆ.

ಹೆಜ್ಜೆ 1: ನಿಮ್ಮ ದಾಖಲೆ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಒಂದು ಸಂಜೆ ಕೂತು ಮಾಡುವ ಕೆಲಸ. ಮುಂಬೈ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜಿನಲ್ಲಿ ಓದುವವರ ದಾಖಲೆ ಎರಡು ಕಡೆ ಇರುತ್ತದೆ, ಒಂದು ಕಾಲೇಜಿನ ಆಫೀಸು, ಇನ್ನೊಂದು ವಿಶ್ವವಿದ್ಯಾಲಯ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ್ದೂ, ಗೋವಾ ವಿಶ್ವವಿದ್ಯಾಲಯದ್ದೂ ಹೀಗೇ. ಕಲೀನಾದ ಕನ್ನಡ ವಿಭಾಗದಲ್ಲಿ ಎಂಎ ಮಾಡುವವರಿಗೆ, ಪುಣೆಯ ಗಣೇಶಖಿಂಡ್ ಅಥವಾ ಗೋವಾದ ತಾಳಿಗಾಂವ್ ಕ್ಯಾಂಪಸ್ಸಿನಲ್ಲೇ ಓದುವವರಿಗೆ ನಡುವೆ ಕಾಲೇಜು ಇಲ್ಲ, ವಿಭಾಗದಿಂದ ನೇರ ವಿಶ್ವವಿದ್ಯಾಲಯಕ್ಕೆ.

ಮೂರನೆಯದು ರಾಜ್ಯ ಸರ್ಕಾರ. ಸ್ಕಾಲರ್‌ಶಿಪ್‌ಗೆ ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ ಹಾಕಿದ್ದರೆ ಆದಾಯ, ಜಾತಿ, ಬ್ಯಾಂಕ್ ವಿವರ ಅಲ್ಲಿದೆ. ಎಂಜಿನಿಯರಿಂಗ್, ಫಾರ್ಮಸಿಗೆ ಸಿಇಟಿ ಬರೆದಿದ್ದರೆ ಸಿಇಟಿ ಸೆಲ್ ಹತ್ತಿರ ಇದೆ. ನಾಲ್ಕನೆಯದು ಡಿಜಿಲಾಕರ್, ಅದರೊಳಗೆ ನಿಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಮತ್ತು ಅಪಾರ್ ಐಡಿ, ಅಂದರೆ ವಿದ್ಯಾರ್ಥಿಯ 12 ಅಂಕಿಯ ಗುರುತಿನ ಸಂಖ್ಯೆ. ಐದನೆಯದನ್ನು ಎಲ್ಲರೂ ಮರೆಯುತ್ತಾರೆ: ಕಾಲೇಜು ಬಳಸುವ ಸಾಫ್ಟ್‌ವೇರಿನ ಕಂಪನಿ. ಅಟೆಂಡೆನ್ಸ್ ಆ್ಯಪ್, ಫೀ ಕಟ್ಟುವ ಪೋರ್ಟಲ್, ಆನ್‌ಲೈನ್ ಟೆಸ್ಟ್ ತೆಗೆದುಕೊಳ್ಳುವ ಸೈಟು, ಇವೆಲ್ಲ ಹೊರಗಿನವರು ನಡೆಸುವಂಥವು. ಯಾವ ಯಾವ ಕಡೆ ಯಾವ ಮೊಬೈಲ್ ನಂಬರ್, ಯಾವ ಇಮೇಲ್ ಕೊಟ್ಟಿದ್ದೀರಿ ಎಂದು ಬರೆದಿಡಿ. ಪಿಆರ್‌ಎನ್ ಅಂದರೆ ಕಾಯಂ ನೋಂದಣಿ ಸಂಖ್ಯೆಯನ್ನೂ ಬರೆದಿಡಿ. ಮೂರು ವರ್ಷ ಅದೇ ನಿಮ್ಮ ಗುರುತು, ಎಲ್ಲರ ಮುಂದೆ ಹೇಳುತ್ತಾ ಹೋಗಬೇಡಿ.

ಹೆಜ್ಜೆ 2: ಯಾರಿಗೆ ಏನು ನೋಡುವ ಕೆಲಸವಿದೆ ಎಂದು ತಿಳಿದುಕೊಳ್ಳಿ

ನಾನು ಮಕ್ಕಳಿಗೆ ಹೇಳಿಕೊಡುವ ಅಳತೆ ಒಂದೇ. ನೋಡುವವರಿಗೆ ಅದರಿಂದ ಏನು ಕೆಲಸ? ಕೆಲಸ ಇದ್ದರೆ ನೋಡಲಿ, ಆ ಕೆಲಸಕ್ಕೆ ಬೇಕಾದಷ್ಟು ಮಾತ್ರ ನೋಡಲಿ. ದೊಡ್ಡ ಕುರ್ಚಿಯಲ್ಲಿ ಕೂತಿದ್ದಾರೆ ಎನ್ನುವುದು ಕಾರಣವಲ್ಲ.

ನಿಮಗೆ ಪಾಠ ಮಾಡುವ ಪ್ರೊಫೆಸರ್‌ಗೆ ನಿಮ್ಮ ಹೆಸರು, ರೋಲ್ ನಂಬರ್, ಅಟೆಂಡೆನ್ಸ್, ಅವರ ವಿಷಯದ ಇಂಟರ್ನಲ್ ಮಾರ್ಕ್ಸ್ ಬೇಕು. ನಿಮ್ಮ ಅಪ್ಪನ ಸಂಬಳ ಎಷ್ಟು, ನೀವು ಯಾವ ಕೋಟಾದಲ್ಲಿ ಬಂದಿರಿ ಎನ್ನುವುದು ಅವರಿಗೆ ಬೇಕಿಲ್ಲ. ಮೆಂಟರ್ ಆಗಿರುವವರು ಒಟ್ಟು ಮಾರ್ಕ್ಸ್ ನೋಡುತ್ತಾರೆ, ಮನೆಯ ಫೋನ್ ನಂಬರೂ ಅವರ ಹತ್ತಿರ ಇರುತ್ತದೆ. ಎಚ್‌ಒಡಿಗೆ ಇಡೀ ವಿಭಾಗದ ರಿಸಲ್ಟ್. ಲೈಬ್ರರಿಯವರಿಗೆ ಕಾರ್ಡು, ಬಾಕಿ ಪುಸ್ತಕ, ಅಷ್ಟೇ.

ನಿಮ್ಮ ಬಗ್ಗೆ ಎಲ್ಲವೂ ಗೊತ್ತಿರುವವರು ಪ್ರಿನ್ಸಿಪಾಲರಲ್ಲ, ಆಫೀಸಿನ ಸ್ಟೂಡೆಂಟ್ ಸೆಕ್ಷನ್ನಿನ ಕ್ಲರ್ಕ್. ಅಡ್ಮಿಷನ್ ಫೈಲು, ಎಲ್‌ಸಿ (ಶಾಲೆ-ಕಾಲೇಜು ಬಿಡುವಾಗ ಕೊಡುವ ಪ್ರಮಾಣಪತ್ರ), ಜಾತಿ ಪ್ರಮಾಣಪತ್ರ ಎಲ್ಲ ಅವರ ಕಪಾಟಿನಲ್ಲಿ. ಸ್ಕಾಲರ್‌ಶಿಪ್ ನೋಡುವ ಕ್ಲರ್ಕ್ ಹತ್ತಿರ ಆದಾಯ ಮತ್ತು ಬ್ಯಾಂಕ್ ವಿವರ. ಪ್ರಿನ್ಸಿಪಾಲರು ಯಾವ ಫೈಲನ್ನಾದರೂ ತರಿಸಿಕೊಳ್ಳಬಲ್ಲರು, ದಿನಾ ಹಾಗೆ ಮಾಡುವುದಿಲ್ಲ. ಆದ್ದರಿಂದ ಕ್ಲರ್ಕ್ ಜೊತೆ ಮರ್ಯಾದೆಯಿಂದ ಮಾತಾಡಿ, ಅವರ ಹೆಸರು ನೆನಪಿಟ್ಟುಕೊಳ್ಳಿ. ಇದು ಸಲಿಗೆಗಾಗಿ ಅಲ್ಲ. ನಾಳೆ ಏನಾದರೂ ಆದಾಗ ಯಾರ ಕೈಗೆ ಕೊಟ್ಟೆ ಎಂದು ಹೇಳಲು ಬರಬೇಕು.

ಪೇಪರ್ ತಿದ್ದುವವರಿಗೆ ನಿಮ್ಮ ಹೆಸರು ಕಾಣಬಾರದು. ಉತ್ತರಪತ್ರಿಕೆಗೆ ಬಾರ್‌ಕೋಡ್ ಅಂಟಿಸುವುದು ಅದಕ್ಕೇ. ಮುಂಬೈಯಲ್ಲಿ 2017ರಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ತಿದ್ದುವ ಪದ್ಧತಿ ತಂದಾಗ ರಿಸಲ್ಟ್ ತಿಂಗಳುಗಟ್ಟಲೆ ತಡವಾಗಿ ದೊಡ್ಡ ಗಲಾಟೆಯಾಯಿತು, ಕುಲಪತಿಗಳೇ ಹುದ್ದೆ ಕಳೆದುಕೊಂಡರು. ಪೇಪರಿನ ಒಳಗೆ ಎಲ್ಲೂ ಹೆಸರು, ಫೋನ್ ನಂಬರ್, ದೇವರ ಹೆಸರು, ಗುರುತು ಸಿಗುವ ಚಿಹ್ನೆ ಬರೆಯಬೇಡಿ, ಬಾರ್‌ಕೋಡ್ ಹಾಕಿದ್ದಕ್ಕೆ ಅರ್ಥವಿರುವುದಿಲ್ಲ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಪರೀಕ್ಷೆಯ ಎಲ್ಲ ದಾಖಲೆ ಪರೀಕ್ಷಾ ಮತ್ತು ಮೌಲ್ಯಮಾಪನ ಮಂಡಳಿಯ ನಿರ್ದೇಶಕರ ಕೈಕೆಳಗೆ ಇರುತ್ತದೆ. ಮಹಾರಾಷ್ಟ್ರದ 2016ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ ಆ ಹುದ್ದೆಗೆ ಕೊಟ್ಟ ಹೆಸರು ಅದು. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಇಲ್ಲಿಗೆ ಬಂದವರ ಕಾಗದಗಳು ಇಲ್ಲಿ ಸೇರಲು ಅರ್ಹತೆ ಇದೆಯೇ ಎಂದು ನೋಡುವ ಎಲಿಜಿಬಿಲಿಟಿ ಸೆಕ್ಷನ್ನಿಗೂ ಹೋಗುತ್ತವೆ.

ಎರಡು ಬಾಗಿಲು ಬೇರೆಯೇ. ಕಾಲೇಜಿನ ಕೌನ್ಸೆಲರ್ ಹತ್ತಿರ ನೀವು ಹೇಳಿಕೊಂಡದ್ದು ನಿಮ್ಮ ಅಡ್ಮಿಷನ್ ಫೈಲಿಗೆ ಸೇರಬಾರದು. ಮಾನಸಿಕ ಆರೋಗ್ಯದ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಮೊದಲ ಸಲ ಹೋದಾಗಲೇ “ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರು ಓದುತ್ತಾರೆ?” ಎಂದು ಕೇಳಿ. ಒಳ್ಳೆಯ ಕೌನ್ಸೆಲರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಲೈಂಗಿಕ ಕಿರುಕುಳದ ದೂರು ಕೊಟ್ಟರೆ ಅದು ಆಂತರಿಕ ಸಮಿತಿಗೆ ಹೋಗುತ್ತದೆ. ದೂರು ಕೊಟ್ಟವರ ಹೆಸರು, ವಿಳಾಸ ಬಯಲು ಮಾಡುವುದನ್ನು ಕಾನೂನೇ ನಿಷೇಧಿಸಿದೆ.

ಪೊಲೀಸರು ಬಂದರೆ? ತನಿಖೆಗೆ ದಾಖಲೆ ಬೇಕೆಂದು ಅವರು ಲಿಖಿತ ಆದೇಶ ಕೊಡಬಹುದು, ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್. ಕೌಂಟರಿನಲ್ಲಿ ನಿಂತು ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಫೈಲು ಬಿಚ್ಚಿಡುವುದು ಸರಿಯಾದ ದಾರಿಯಲ್ಲ.

ಹೆಜ್ಜೆ 3: ಕೊಡುವಾಗಲೇ ಕಡಿಮೆ ಕೊಡಿ

ಒರಿಜಿನಲ್ ಮಾರ್ಕ್‌ಶೀಟ್ ಬಿಟ್ಟು ಬರಬೇಡಿ. ಯುಜಿಸಿ 2018ರಲ್ಲೇ ಹೇಳಿದೆ, ಮೂಲ ಪ್ರಮಾಣಪತ್ರಗಳನ್ನು ವಿದ್ಯಾರ್ಥಿಯ ಎದುರಿಗೇ ನೋಡಿ, ಅಲ್ಲೇ ವಾಪಸ್ ಕೊಡಬೇಕು, ಸಹಿ ಹಾಕಿದ ನಕಲು ಮಾತ್ರ ಇಟ್ಟುಕೊಳ್ಳಬೇಕು. ಎಲ್‌ಸಿಯನ್ನು ಹೊಸ ಕಾಲೇಜು ತೆಗೆದುಕೊಳ್ಳುವುದು ರೂಢಿ, ಕೊಡುವ ಮುಂಚೆ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಜಾತಿಯೂ ಇರುತ್ತದೆ, ಹಾಗಾಗಿ ಕಂಡ ಕಂಡ ಇಮೇಲಿಗೆಲ್ಲ ಕಳಿಸುವ ಕಾಗದವಲ್ಲ ಅದು.

ಆಧಾರ್ ವಿಚಾರ. 2018ರ ಸೆಪ್ಟೆಂಬರ್ 26ರ ತೀರ್ಪಿನ ಪ್ರಕಾರ ಯುಜಿಸಿ, ಸಿಬಿಎಸ್‌ಇ, ನೀಟ್‌ನಂಥವು ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ. ಸರ್ಕಾರದ ದುಡ್ಡು ನಿಮ್ಮ ಖಾತೆಗೆ ಬರುವ ಸ್ಕಾಲರ್‌ಶಿಪ್‌ಗೆ ಕೇಳಬಹುದು. ಆದರೆ ಅಡ್ಮಿಷನ್ ದಿನ ಕೌಂಟರಿನಲ್ಲಿ ತೀರ್ಪು ಓದಿ ಹೇಳುತ್ತಾ ನಿಂತರೆ ಹಿಂದಿನ ಸಾಲಿನವರೂ ಕಿರಿಕಿರಿ ಮಾಡುತ್ತಾರೆ, ಕ್ಲರ್ಕೂ ಮಾಡುತ್ತಾರೆ, ಇದು ನನಗೂ ಗೊತ್ತು. ಅದಕ್ಕೆ ಸುಲಭದ ದಾರಿ ಮಾಸ್ಕ್ ಮಾಡಿದ ಆಧಾರ್. ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಸೈಟಿನಿಂದ ಇಳಿಸಿಕೊಂಡರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಮೊದಲು ಅದನ್ನೇ ಕೊಡಿ. ತೆಗೆದುಕೊಳ್ಳದಿದ್ದರೆ ಯಾವುದಕ್ಕೆ ಪೂರ್ತಿ ನಂಬರ್ ಬೇಕು ಎಂದು ಕೇಳಿ. ಮರಾಠಿಯಲ್ಲೇ ಕೇಳಿ, “ಹೇ ಕಶಾಸಾಠಿ ಪಾಹಿಜೆ?” ಸಮಾಧಾನದ ದನಿಯಲ್ಲಿ ಕೇಳಿದರೆ ಬಹಳ ಸಲ “ರಾಹೂ ದ್ಯಾ” ಅಂತ ಬಿಟ್ಟುಬಿಡುತ್ತಾರೆ.

ನಕಲು ಯಾವುದೇ ಇರಲಿ, ಅದರ ಮೇಲೆ ಅಡ್ಡಲಾಗಿ ‘ಎಫ್‌ವೈಬಿಕಾಂ ಪ್ರವೇಶಕ್ಕೆ ಮಾತ್ರ’ ಎಂದು ಕಾಲೇಜಿನ ಹೆಸರು, ತಾರೀಕು ಹಾಕಿ ಬರೆಯಿರಿ. ಖಾಲಿ ಜಾಗದಲ್ಲಲ್ಲ, ಅಕ್ಷರಗಳ ಮೇಲೆ ಹಾದುಹೋಗುವ ಹಾಗೆ. ಆ ನಕಲಿನಿಂದ ಇನ್ನೆಲ್ಲೋ ಸಿಮ್ ತೆಗೆಸಲು, ಸಾಲದ ಆ್ಯಪಿಗೆ ಹಾಕಲು ಕಷ್ಟವಾಗುತ್ತದೆ.

ಜೆರಾಕ್ಸ್ ಅಂಗಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಾಲೇಜಿನ ಗೇಟಿನ ಎದುರು, ಸ್ಟೇಷನ್ ಪಕ್ಕದಲ್ಲಿ ಇರುವ ಅಂಗಡಿಗಳಲ್ಲಿ ಈಗ ‘ಈ ನಂಬರಿಗೆ ವಾಟ್ಸಾಪ್ ಮಾಡಿ’ ಎಂಬ ಬೋರ್ಡು. ಜೂನ್‌ನಲ್ಲಿ ನೂರಾರು ಮಕ್ಕಳು ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಫೋಟೊ, ಸಹಿ, ಎಲ್ಲವನ್ನೂ ಆ ಒಂದು ನಂಬರಿಗೆ ಕಳಿಸುತ್ತಾರೆ. ಪ್ರಿಂಟ್ ಆಗುತ್ತದೆ, ಹತ್ತು ರೂಪಾಯಿ ಕೊಟ್ಟು ಬರುತ್ತಾರೆ, ಫೈಲು ಅಲ್ಲೇ ಉಳಿಯುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೊಬ್ಬ ಹುಡುಗ ಕೂರುತ್ತಾನೆ, ಅದರ ಡೌನ್‌ಲೋಡ್ ಫೋಲ್ಡರ್ ತೆರೆದರೆ ಇಡೀ ಕಾಲೇಜು ಕಾಣುತ್ತದೆ. ಆದಷ್ಟೂ ಕಾಗದ ಕೊಟ್ಟು ನಕಲು ತೆಗೆಸಿ. ಮೊಬೈಲಿನಿಂದಲೇ ಪ್ರಿಂಟ್ ಬೇಕಾದರೆ ಪೆನ್‌ಡ್ರೈವಿನಲ್ಲಿ ಒಯ್ದು, ಪ್ರಿಂಟ್ ಆದ ಮೇಲೆ ನಿಮ್ಮ ಎದುರಿಗೇ ಫೈಲು ಅಳಿಸಿ ಎನ್ನಿ, ರೀಸೈಕಲ್ ಬಿನ್ನೂ ಖಾಲಿ ಮಾಡಿಸಿ. ವಾಟ್ಸಾಪಿನಲ್ಲೇ ಕಳಿಸಿದ್ದರೆ ‘ಎಲ್ಲರಿಗೂ ಅಳಿಸು’ ಒತ್ತಿ, ಆದರೆ ಅಷ್ಟರಲ್ಲಿ ಡೌನ್‌ಲೋಡ್ ಆದದ್ದು ಅದರಿಂದ ಹೋಗುವುದಿಲ್ಲ, ಅದನ್ನು ಅವರ ಕಂಪ್ಯೂಟರಿನಲ್ಲೇ ಅಳಿಸಬೇಕು. ಕೆಟ್ಟು ಹೋಗಿ ಕಸದ ಬುಟ್ಟಿಗೆ ಎಸೆದ ಪ್ರಿಂಟನ್ನೂ ಕೇಳಿ ತೆಗೆದುಕೊಂಡು ಬನ್ನಿ.

ಹೆಜ್ಜೆ 4: ಗ್ರೂಪು, ಶೀಟು, ನೋಟಿಸ್ ಬೋರ್ಡು

ಕ್ಲಾಸ್ ರೆಪ್ ಗ್ರೂಪಿನಲ್ಲಿ ಒಂದು ಗೂಗಲ್ ಶೀಟ್ ಹಾಕುತ್ತಾನೆ. ಹೆಸರು, ಮೊಬೈಲ್, ಆಧಾರ್ ನಂಬರ್, ಕೆಟಗರಿ, ಅಕೌಂಟ್ ನಂಬರ್, ‘ಇವತ್ತು ಸಂಜೆಯೊಳಗೆ ತುಂಬಿ’. ಲಿಂಕ್ ಇದ್ದವರೆಲ್ಲ ತೆರೆಯಬಹುದು, ಎಲ್ಲರದ್ದೂ ಎಲ್ಲರಿಗೂ ಕಾಣುತ್ತದೆ. ಇದನ್ನು ಕೆಟ್ಟ ಉದ್ದೇಶದಿಂದ ಯಾರೂ ಮಾಡುವುದಿಲ್ಲ. ಮೇಲಿನಿಂದ ತುರ್ತಾಗಿ ಪಟ್ಟಿ ಕೇಳಿದ್ದಾರೆ, ಸರ್‌ಗೆ ಸುಲಭವಾದದ್ದು ಮಾಡಿದ್ದಾರೆ. ಆದರೂ ತುಂಬಬೇಡಿ. ಗ್ರೂಪಿನಲ್ಲಿ ಜಗಳ ತೆಗೆಯದೆ ಸರ್‌ಗೆ ನೇರವಾಗಿ ಒಂದು ಮೆಸೇಜ್ ಮಾಡಿ: “ಸರ್, ಈ ಶೀಟಿನಲ್ಲಿ ಎಲ್ಲರ ಆಧಾರ್ ಮತ್ತು ಅಕೌಂಟ್ ನಂಬರ್ ಎಲ್ಲರಿಗೂ ಕಾಣ್ತಿದೆ. ಗೂಗಲ್ ಫಾರ್ಮ್ ಮಾಡಿದರೆ ಉತ್ತರ ನಿಮಗೆ ಮಾತ್ರ ಬರುತ್ತೆ. ನಾನು ಬೇಕಾದರೆ ಈಗಲೇ ಮಾಡಿಕೊಡ್ತೀನಿ.” ಕೊನೆಯ ಸಾಲು ಮುಖ್ಯ. ಕೆಲಸ ಹೆಚ್ಚಿಸುವವರ ಮಾತು ಯಾರೂ ಕೇಳುವುದಿಲ್ಲ, ಕೆಲಸ ಹಂಚಿಕೊಳ್ಳುವವರ ಮಾತು ಕೇಳುತ್ತಾರೆ. ಅದನ್ನು ನೀವೇ ಮಾಡಿಕೊಟ್ಟರೆ ಮರೆಯದೆ ಫಾರ್ಮಿನ ಮಾಲೀಕತ್ವ ಸರ್ ಹೆಸರಿಗೆ ವರ್ಗಾಯಿಸಿ, ನಿಮ್ಮ ಪ್ರವೇಶ ತೆಗೆಸಿಕೊಳ್ಳಿ.

ಸ್ಕಾಲರ್‌ಶಿಪ್ ಫಾರ್ಮ್ ಬಂದಾಗ ಕ್ಲಾಸಿನಲ್ಲಿ ‘ಈ ಕೆಟಗರಿಯವರು ಎದ್ದು ನಿಲ್ಲಿ’ ಎನ್ನುವುದು ಇವತ್ತಿಗೂ ನಡೆಯುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಒಬ್ಬ ಹುಡುಗ ಅಥವಾ ಹುಡುಗಿ ಮೂರು ವರ್ಷ ಆ ಒಂದು ನಿಮಿಷವನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ. ಪವಾಯಿಯ ಐಐಟಿ ಬಾಂಬೆ 2023ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿ, ಸಹಪಾಠಿಗಳ ಜೆಇಇ ರ‍್ಯಾಂಕ್ ಅಥವಾ ಗೇಟ್ ಅಂಕ ಕೇಳುವುದು ಸರಿಯಲ್ಲ, ಅದು ಜಾತಿ ತಿಳಿಯುವ ಪ್ರಯತ್ನವಾಗಿ ಕಾಣಬಹುದು ಎಂದಿತು. ಅಂಥ ಸಂಸ್ಥೆಗೇ ಹೇಳಬೇಕಾಯಿತು ಅಂದರೆ ನಮ್ಮ ಕಾಲೇಜುಗಳ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯಲು ಹಿಂಜರಿಯಬೇಕಿಲ್ಲ. ‘ಸಂಬಂಧಪಟ್ಟವರು ಆಫೀಸಿಗೆ ಬನ್ನಿ’ ಎಂದು ನೋಟಿಸ್ ಹಾಕಿದರೆ ಸಾಕು, ಅಥವಾ ಪ್ರತಿಯೊಬ್ಬರ ಇಮೇಲಿಗೆ ಕಳಿಸಿದರೆ ಸಾಕು.

ಅಟೆಂಡೆನ್ಸ್ ಕಡಿಮೆಯಾದವರ ಡಿಫಾಲ್ಟರ್ ಲಿಸ್ಟು, ಕೆಟಿ ಬಂದವರ, ಅಂದರೆ ಯಾವುದೋ ವಿಷಯ ಫೇಲಾಗಿ ಮತ್ತೆ ಬರೆಯಬೇಕಾದವರ ಪಟ್ಟಿಯನ್ನು ಬೋರ್ಡಿಗೆ ಅಂಟಿಸುವಾಗ ರೋಲ್ ನಂಬರ್ ಮಾತ್ರ ಹಾಕಲು ಕೇಳಿ. ಸಿಇಟಿಯ ಮೆರಿಟ್ ಲಿಸ್ಟಿನಲ್ಲಿ ಹೆಸರು, ಕೆಟಗರಿ, ಪರ್ಸೆಂಟೈಲ್ ಸಮೇತ ಬರುತ್ತದೆ. ಸೀಟು ಹಂಚುವುದರಲ್ಲಿ ಮೋಸ ಆಗಿಲ್ಲ ಎಂದು ಎಲ್ಲರಿಗೂ ಕಾಣಬೇಕು, ಅದರಿಂದ ಅದನ್ನು ಒಪ್ಪಬಹುದು. ಆದರೆ ಅದನ್ನು ಸ್ಕ್ರೀನ್‌ಶಾಟ್ ತೆಗೆದು ಗ್ರೂಪುಗಳಿಗೆ ಹಂಚುವ ಕೆಲಸ ಬೇಡ.

ಇನ್ನೊಂದು ಸೋರುವ ಜಾಗ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ಪರಿಶೀಲನೆ. ಮಾನ್ಯತೆಯ ಸಮಯದಲ್ಲಿ ಕಾಲೇಜು ತನ್ನ ಸೈಟಿನಲ್ಲಿ ಸಾಕ್ಷ್ಯವೆಂದು ನೂರಾರು ಪಿಡಿಎಫ್ ಏರಿಸುತ್ತದೆ. ಸ್ಕಾಲರ್‌ಶಿಪ್ ಪಡೆದವರ ಪಟ್ಟಿ, ಕೆಲಸ ಸಿಕ್ಕವರ ಆಫರ್ ಲೆಟರ್, ಫೋನ್ ನಂಬರ್ ಸಹಿತ ಹಾಜರಿ ಹಾಳೆ. ಗೂಗಲಿನಲ್ಲಿ ನಿಮ್ಮ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಕಾಲೇಜಿನ ಹೆಸರು ಬರೆದು ಹುಡುಕಿ ನೋಡಿ. ಸಿಕ್ಕಿದರೆ ಆ ಲಿಂಕಿನ ಜೊತೆ ಪ್ರಿನ್ಸಿಪಾಲರಿಗೆ ಮತ್ತು ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕ ಐಕ್ಯುಎಸಿಗೆ ಬರೆಯಿರಿ, ಫೋನ್ ನಂಬರ್, ಸಂಬಳ, ಕೆಟಗರಿ ಇರುವ ಕಾಲಂಗಳನ್ನು ಮುಚ್ಚಿ ಮತ್ತೆ ಹಾಕಿ ಎಂದು.

ಹೆಜ್ಜೆ 5: ಮನೆಯವರು, ನೆಂಟರು, ‘ನಮ್ಮವರು’

ಹದಿನೆಂಟು ತುಂಬುವ ತನಕ ಅಪ್ಪ-ಅಮ್ಮನ ಒಪ್ಪಿಗೆಗೇ ತೂಕ. ಹೊಸ ದತ್ತಾಂಶ ಕಾಯ್ದೆಯೂ 18ರ ಕೆಳಗಿನವರನ್ನು ಮಕ್ಕಳೆಂದೇ ಎಣಿಸುತ್ತದೆ. 18 ಆದ ಮೇಲೆ ಒಪ್ಪಿಗೆ ವಿದ್ಯಾರ್ಥಿಯದು. ಆದರೆ ಅಟೆಂಡೆನ್ಸ್ ಕಡಿಮೆಯಾದರೆ ಕಾಲೇಜು ಮನೆಗೆ ಫೋನ್ ಮಾಡುತ್ತದೆ, ಪಾಲಕರ ಸಭೆ ಕರೆಯುತ್ತದೆ, ಇದು ನಮ್ಮಲ್ಲಿ ನಡೆದು ಬಂದದ್ದು. ಫೀ ಕಟ್ಟುವವರಿಗೆ ಮಗ ಕ್ಲಾಸಿಗೆ ಹೋಗುತ್ತಾನಾ ಅಂತ ತಿಳಿಯಬೇಕು ಎನ್ನುವುದನ್ನು ನಾನು ತಪ್ಪು ಎನ್ನಲಾರೆ. ಮಕ್ಕಳೇ, ಪಾಲಕರ ಕಾಲಂನಲ್ಲಿ ಗೆಳೆಯನ ನಂಬರ್ ಹಾಕಬೇಡಿ, ತುರ್ತಿನಲ್ಲಿ ಅದೇ ನಂಬರಿಗೆ ಫೋನ್ ಹೋಗುತ್ತದೆ. ಪಾಲಕರೇ, ಪೋರ್ಟಲಿನ ಪಾಸ್‌ವರ್ಡ್ ಇಸಿದುಕೊಂಡು ಕೂರಬೇಡಿ. ರಿಸಲ್ಟ್ ಬಂದ ದಿನ ಜೊತೆಗೆ ಕೂತು ನೋಡಿ, ಸಾಕಲ್ವಾ?

ನೆಂಟರ ವಿಷಯದಲ್ಲಿ ನಾನು ಇಷ್ಟು ಮೆತ್ತಗೆ ಮಾತಾಡುವುದಿಲ್ಲ. ಮುಂಬೈ ಕನ್ನಡಿಗರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾವುದೋ ಕಾಲೇಜಿನ ಆಫೀಸಿನಲ್ಲಿ ಊರಿನವರೊಬ್ಬರು ಇದ್ದೇ ಇರುತ್ತಾರೆ. ಮದುವೆ ಮಾತು ಶುರುವಾದಾಗ ಹುಡುಗನ ಕಡೆಯವರು ಅವರಿಗೆ ಫೋನ್ ಮಾಡುತ್ತಾರೆ: “ಹುಡುಗಿ ಡಿಗ್ರಿ ಮುಗಿಸಿದ್ದು ನಿಜಾನಾ ನೋಡಿ ಹೇಳಿ, ಕೆಟಿ ಇತ್ತಾ, ನಡುವೆ ಒಂದು ವರ್ಷ ಯಾಕೆ ಬಿಟ್ಟಿದ್ದಳು?” ಅವರು ಉಪಕಾರ ಎಂದುಕೊಂಡು ನೋಡಿ ಹೇಳುತ್ತಾರೆ. ಒಂದು ವರ್ಷ ಬಿಟ್ಟದ್ದು ಅಮ್ಮನ ಕಾಯಿಲೆಗೋ, ತನ್ನದೇ ಮನಸ್ಸಿನ ಕಷ್ಟಕ್ಕೋ ಆಗಿರಬಹುದು. ಅದನ್ನು ಯಾವಾಗ ಯಾರಿಗೆ ಹೇಳಬೇಕು ಎನ್ನುವುದು ಅವಳಿಗೆ ಸೇರಿದ್ದು. ಕೇಳುವವರೂ ಕೇಳಬೇಡಿ, ಆಫೀಸಿನಲ್ಲಿರುವವರೂ ಹೇಳಬೇಡಿ. ಡಿಗ್ರಿ ನಿಜವೋ ಅಂತ ತಿಳಿಯಬೇಕಾದರೆ ಹುಡುಗಿಯನ್ನೇ ಕೇಳಿ, ಅವಳು ಡಿಜಿಲಾಕರ್ ತೆರೆದು ತೋರಿಸುತ್ತಾಳೆ, ಹಾಗೆಯೇ ಹುಡುಗನದ್ದನ್ನೂ ನೋಡಿ.

ಹೆಜ್ಜೆ 6: ನಿಮ್ಮದನ್ನು ನೀವು ನೋಡಿ, ತಪ್ಪಿದ್ದರೆ ತಿದ್ದಿಸಿ

ನಿಮ್ಮ ಉತ್ತರಪತ್ರಿಕೆ ನೋಡುವ ಹಕ್ಕು ನಿಮಗಿದೆ. ಮಾಹಿತಿ ಹಕ್ಕಿನಡಿ ಇದನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ವಿಶ್ವವಿದ್ಯಾಲಯದ ಫೋಟೊಕಾಪಿ ಅರ್ಜಿಯ ದಾರಿ ಸಾಮಾನ್ಯವಾಗಿ ಬೇಗ, ಅದನ್ನೇ ಮೊದಲು ಹಿಡಿಯಿರಿ, ಗಡುವು ಕಡಿಮೆ ಇರುತ್ತದೆ. ಬೇರೆ ದಾಖಲೆ ಬೇಕಾದರೆ ಆರ್‌ಟಿಐ ಹಾಕಿ. ಮಹಾರಾಷ್ಟ್ರದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಬೇರೆಯವರು ನಿಮ್ಮ ಮಾರ್ಕ್ಸ್, ಜಾತಿ ಕಾಗದ ಕೇಳಿ ಆರ್‌ಟಿಐ ಹಾಕಿದರೆ? ಕೊಡುವ ಯೋಚನೆಯಿದ್ದರೆ ಮಾಹಿತಿ ಅಧಿಕಾರಿ ನಿಮಗೆ ನೋಟಿಸ್ ಕಳಿಸಬೇಕು, ನಿಮ್ಮ ಆಕ್ಷೇಪ ಹೇಳಲು 10 ದಿನ ಇರುತ್ತದೆ. ಆ ನೋಟಿಸನ್ನು ಸುಮ್ನೆ ಬದಿಗಿಡಬೇಡಿ, ಎರಡು ಸಾಲಾದರೂ ಬರೆದು ಉತ್ತರ ಕೊಡಿ. ಹೊಸ ದತ್ತಾಂಶ ಕಾಯ್ದೆ ಬಂದ ಮೇಲೆ ಇನ್ನೊಬ್ಬರ ವೈಯಕ್ತಿಕ ಮಾಹಿತಿ ತೆಗೆಯುವುದು ಇನ್ನೂ ಕಷ್ಟವಾಗಿದೆ.

ತಿದ್ದಿಸುವುದರಲ್ಲಿ ನಮ್ಮವರಿಗೆ ಬರುವ ದೊಡ್ಡ ತೊಂದರೆ ಹೆಸರಿನದು. ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ‘ಸಂತೋಷ್ ಬಿ. ಕೆ.’ ಎಂದಿರುತ್ತದೆ. ಇಲ್ಲಿಯ ಫಾರ್ಮ್ ಅಡ್ಡಹೆಸರು, ಸ್ವಂತ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು ಎಂದು ಕೇಳುತ್ತದೆ. ಕ್ಲರ್ಕ್ ತನಗೆ ತೋಚಿದ ಹಾಗೆ ಬಿಡಿಸಿ ಬರೆದರೆ ಆಧಾರ್, ಎಲ್‌ಸಿ, ಅಪಾರ್, ಮಾರ್ಕ್‌ಶೀಟ್ ನಾಲ್ಕರಲ್ಲಿ ನಾಲ್ಕು ಹೆಸರು. ಮೊದಲ ಸೆಮಿಸ್ಟರಿನ ಮಾರ್ಕ್‌ಶೀಟ್ ಅಚ್ಚಾಗುವ ಮುಂಚೆಯೇ ಪೋರ್ಟಲಿನಲ್ಲಿ ಹೆಸರು ನೋಡಿ, ತಪ್ಪಿದ್ದರೆ ಆಗಲೇ ಲಿಖಿತ ಅರ್ಜಿ ಕೊಡಿ. ಡಿಗ್ರಿ ಬಂದ ಮೇಲೆ ಫೋರ್ಟ್, ಕಲೀನಾ ಅಲೆಯುವ ಕಷ್ಟ ಬೇಡ.

ಹೆಜ್ಜೆ 7: ಹೊರಗಿನವರಿಗೆ ಕಳಿಸುವಾಗ

ಕೆಲಸ ಕೊಡುವ ಕಂಪನಿಗಳು ಹೊರಗಿನ ಏಜೆನ್ಸಿಯಿಂದ ಡಿಗ್ರಿ ಪರಿಶೀಲನೆ ಮಾಡಿಸುತ್ತವೆ. ನಿಮ್ಮಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಓದಿ. ‘ಎಲ್ಲ ಶೈಕ್ಷಣಿಕ ದಾಖಲೆ’ ಎಂದಿದ್ದರೆ ‘ಪದವಿ ಮತ್ತು ಕೊನೆಯ ಮಾರ್ಕ್‌ಶೀಟ್ ಮಾತ್ರ’ ಎಂದು ತಿದ್ದಿ ಕಳಿಸಿ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಆಧಾರ್ ನಂಬರ್ ಮುದ್ರಿಸುವ ಹಾಗಿಲ್ಲ ಎಂದು ಯುಜಿಸಿ 2023ರ ಸೆಪ್ಟೆಂಬರ್ 1ರಂದು ವಿಶ್ವವಿದ್ಯಾಲಯಗಳಿಗೆ ಬರೆದಿದೆ, ನಿಮ್ಮದರ ಮೇಲೆ ಇದ್ದರೆ ಆಕ್ಷೇಪಿಸಿ. ಡಿಜಿಲಾಕರಿನಲ್ಲಿ ಚಟುವಟಿಕೆಯ ದಾಖಲೆ ಇರುತ್ತದೆ, ಆಗಾಗ ತೆರೆದು ಯಾರಿಗೆ ಏನು ಹೋಗಿದೆ ನೋಡಿ.

ಅಮೆರಿಕಕ್ಕೆ ಮಕ್ಕಳನ್ನು ಕಳಿಸುವವರು ಒಂದು ತಿಳಿದಿರಲಿ. ಅಲ್ಲಿ ಕಾಲೇಜು ಸೇರಿದ ಕೂಡಲೇ ಫರ್ಪಾದ ಹಕ್ಕು ಪಾಲಕರಿಂದ ವಿದ್ಯಾರ್ಥಿಗೆ ಹೋಗುತ್ತದೆ. ಫೀ ನೀವೇ ಕಟ್ಟಿದ್ದರೂ ಮುಲುಂಡಿನಿಂದ ಫೋನ್ ಮಾಡಿ ಮಗಳ ಮಾರ್ಕ್ಸ್ ಕೇಳಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. ಮಗಳು ಲಿಖಿತ ಒಪ್ಪಿಗೆ ಕೊಟ್ಟರೆ ಹೇಳಬಹುದು. ಅಲ್ಲಿಯ ಸಿಬ್ಬಂದಿಯೂ ತಮ್ಮ ಕೆಲಸಕ್ಕೆ ಬೇಕಿದ್ದರೆ ಮಾತ್ರ ದಾಖಲೆ ನೋಡಬಹುದು, ಮತ್ತು ವಿದ್ಯಾರ್ಥಿ ತನ್ನ ದಾಖಲೆ ಕೇಳಿದರೆ 45 ದಿನದೊಳಗೆ ತೋರಿಸಬೇಕು. ಮಗಳು ಹೊರಡುವ ಮುಂಚೆಯೇ ಆ ಒಪ್ಪಿಗೆಯ ಮಾತು ಮನೆಯಲ್ಲಿ ಆಡಿಕೊಳ್ಳಿ.

ಹೆಜ್ಜೆ 8: ಸೋರಿ ಹೋಗಿದ್ದರೆ

ಮೊದಲು ಸ್ಕ್ರೀನ್‌ಶಾಟ್, ತಾರೀಕು ಮತ್ತು ಸಮಯ ಕಾಣುವ ಹಾಗೆ, ಲಿಂಕಿನ ಸಮೇತ. ಅಳಿಸಿ ಎಂದು ಹೇಳುವ ಮುಂಚೆ ಇದು, ಆಮೇಲೆ ಸಾಕ್ಷಿ ಇರುವುದಿಲ್ಲ. ಆಮೇಲೆ ಹಾಕಿದವರಿಗೆ ಫೋನ್ ಮಾಡಿ ತೆಗೆಸಿ. ಅದೇ ದಿನ ಪ್ರಿನ್ಸಿಪಾಲರಿಗೆ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಪತ್ರ ಕೊಡಿ. ಏನು ಸೋರಿತು, ಎಲ್ಲಿ, ಯಾವಾಗ, ನಿಮಗೆ ಏನು ಬೇಕು: ತೆಗೆಯಿರಿ, ಯಾರಿಗೆಲ್ಲ ಹೋಗಿದೆ ತಿಳಿಸಿ, ಮುಂದೆ ಆಗದ ಹಾಗೆ ಏನು ಮಾಡುತ್ತೀರಿ ಬರೆದು ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ನಂಬರ್, ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟದ್ದಕ್ಕೆ ನಾಳೆ ಪುರಾವೆ ಇರುವುದಿಲ್ಲ.

ಉತ್ತರ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯುಜಿಸಿಯ 2023ರ ನಿಯಮದ ಪ್ರಕಾರ ಈ ಸಮಿತಿ ಇರಬೇಕು, ಸಾಧ್ಯವಾದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವವರು) ಮೇಲ್ಮನವಿ. ಮೂಲ ದಾಖಲೆ ವಾಪಸ್ ಕೊಡದೆ ಸತಾಯಿಸುವುದೂ ಈ ಸಮಿತಿಯ ಮುಂದೆ ಹೋಗುತ್ತದೆ. ಒಬ್ಬರೇ ಹೋಗಬೇಡಿ. ಶೀಟಿನಲ್ಲಿ ಅರವತ್ತು ಜನರ ಹೆಸರಿದ್ದರೆ ಹತ್ತು ಜನರ ಸಹಿಯಾದರೂ ಹಾಕಿಸಿ, ‘ಇಂಟರ್ನಲ್‌ನಲ್ಲಿ ಮಾರ್ಕ್ಸ್ ಕಡಿಮೆ ಮಾಡ್ತಾರೆ’ ಎಂಬ ಭಯ ಮಕ್ಕಳಿಗೆ ಇರುತ್ತದೆ, ಆ ಭಯ ಹತ್ತು ಜನ ಸೇರಿದಾಗ ಕಡಿಮೆಯಾಗುತ್ತದೆ. ಪಾಲಕರು ಜೊತೆಗೆ ಹೋಗಿ ಕೂರಬಹುದು.

ಆಧಾರ್ ಅಥವಾ ಬ್ಯಾಂಕ್ ವಿವರ ಹೋಗಿದ್ದರೆ ಪತ್ರಕ್ಕೆ ಕಾಯಬೇಡಿ. ಯುಐಡಿಎಐ ಸೈಟು ಅಥವಾ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಇತಿಹಾಸ ಅಲ್ಲೇ ಸಿಗುತ್ತದೆ, ನೋಡಿ. ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ತಡೆಯುವುದು ಕಷ್ಟ.

ಕಾಲೇಜು ಬಿಡುವಾಗ ಮಾಡುವ ಕೆಲಸವೂ ಇದೆ. ಲೈಬ್ರರಿ, ಹಾಸ್ಟೆಲ್ ಬಾಕಿ ತೀರಿಸಿ ಎಲ್‌ಸಿ ಮತ್ತು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಬೇಕಿದ್ದರೆ ಮೈಗ್ರೇಷನ್ ಪ್ರಮಾಣಪತ್ರ ತೆಗೆದುಕೊಳ್ಳಿ. ಹಾಸ್ಟೆಲಿನ ಮೆಡಿಕಲ್ ಕಾಗದ ವಾಪಸ್ ಕೇಳಿ. ಕಾಲೇಜಿನ ಇಮೇಲ್ ಮುಚ್ಚುವ ಮುಂಚೆ ಅದರಲ್ಲಿರುವ ನಿಮ್ಮ ಫೈಲು ಇಳಿಸಿಕೊಂಡು, ಉಳಿದದ್ದು ಅಳಿಸಿ. ಅಟೆಂಡೆನ್ಸ್ ಆ್ಯಪಿನ ಖಾತೆ ಮುಚ್ಚಿ ಎಂದು ಆಫೀಸಿಗೆ ಇಮೇಲ್ ಮಾಡಿ, ಆ್ಯಪನ್ನು ಮೊಬೈಲಿನಿಂದ ತೆಗೆದರೆ ಖಾತೆ ಹೋಗುವುದಿಲ್ಲ. ಪೋರ್ಟಲಿನಲ್ಲಿ ಕೊಟ್ಟಿರುವ ಮೊಬೈಲ್ ನಂಬರ್ ಬಿಡುವ ಹಾಗಿದ್ದರೆ ಬಿಡುವ ಮುಂಚೆಯೇ ಡಿಜಿಲಾಕರ್, ಮಹಾಡಿಬಿಟಿ, ವಿಶ್ವವಿದ್ಯಾಲಯದ ಪೋರ್ಟಲ್ ಮೂರರಲ್ಲೂ ಹೊಸ ನಂಬರ್ ಹಾಕಿಸಿ. ಹಳೆಯ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಕೈಗೆ ಹೋಗುತ್ತದೆ, ಓಟಿಪಿ ಅವರಿಗೇ ಬರುತ್ತದೆ.